ಕೈ ಮುರಿಯಿತು, ಮಲ್ಲಿಗೆ ಗಿಡವೂ ಹೋಯಿತು. ಬೇರೆಯವರ ಸಹಾಯ ತೆಗೆದುಕೊಳ್ಳುವುದು ಯಾಕೆ ಇಷ್ಟು ಕಷ್ಟ?

ಅಂಗಳದ ಮಲ್ಲಿಗೆ (ಆಗಸ್ಟ್ 16)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಉಡುಪಿ ಕಡೆಯ ಶಂಕರಪುರದಿಂದ ಸ್ವಲ್ಪ ಒಳಗೆ. ಅಂಗಳದಲ್ಲೇ ಮಲ್ಲಿಗೆ. 62 ಗಿಡ ಇದ್ದವು. ಇದ್ದವು ಅಂತ ಬರೆಯುವಾಗಲೇ ಸಂಕಟ ಆಗುತ್ತದೆ.

ಜೂನ್ ಎರಡನೇ ವಾರ ಬಾವಿಕಟ್ಟೆಯ ಹತ್ತಿರ ಪಾಚಿಯಲ್ಲಿ ಜಾರಿ ಬಿದ್ದೆ. ಬಲಗೈ ಊರಿದ್ದೆ, ಮಣಿಗಂಟಿನ ಹತ್ತಿರ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರ್. ಪ್ರತಿ ವರ್ಷ ಮಳೆಗೆ ಮೊದಲು ಗಿಡದ ಬುಡದಲ್ಲಿ ನೀರು ನಿಲ್ಲದ ಹಾಗೆ ಕಣಿ ಬಿಡಿಸುತ್ತೇನೆ. ಈ ಸಲ ಮೇಲಿನ ಸಾಲು ಮುಗಿದಿತ್ತು, ಕೆಳಗಿನದ್ದು ನಾಳೆ ಮಾಡೋಣ ಅಂತ ಇಟ್ಟಿದ್ದೆ. ಮರುದಿನ ಬೆಳಿಗ್ಗೆಯೇ ಬಿದ್ದದ್ದು. ಆಮೇಲೆ ಮಳೆ ಬಿಡಲೇ ಇಲ್ಲ. ನಾನು ಕೈ ಕುತ್ತಿಗೆಗೆ ಕಟ್ಟಿಕೊಂಡು ಜಗಲಿಯಲ್ಲಿ ಕೂತು ನೋಡುತ್ತಾ ಇದ್ದೆ. ಬುಡ ಕೊಳೆತು, ಎಲೆ ಹಳದಿಯಾಗಿ, 27 ಗಿಡ ಒಣಗಿದವು.

ಮಲ್ಲಿಗೆಯ ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸುಮಾರು 800 ಮೊಗ್ಗು ಬಾಳೆ ನಾರಿನಲ್ಲಿ ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದಿನದ ರೇಟು ಅಟ್ಟೆಗೆ. ಬೆಳಕು ಹರಿಯುವಾಗ ಮೊಗ್ಗು ಕೊಯ್ಯಬೇಕು. ಹೂ ಕೊಂಡು ಹೋಗುವವರು ನಮ್ಮ ಕಡೆ ಬರುವುದು ಹತ್ತು ಗಂಟೆಗೆ, ಅಷ್ಟರೊಳಗೆ ಕಟ್ಟಿ ಮುಗಿಸಬೇಕು. ಮೊದಲು ಒಂದು ಚೆಂಡಿಗೆ ನನಗೆ ಒಂದು ಗಂಟೆ ಸಾಕಿತ್ತು. ಈಗ ಪ್ಲಾಸ್ಟರ್ ತೆಗೆದು ಮೂರು ವಾರ ಆಯಿತು, ಬೆರಳು ಸರಿಯಾಗಿ ಮಡಚುವುದಿಲ್ಲ. ನಾರು ಎಳೆದು ಗಂಟು ಹಾಕುವಾಗ ಕೈಯಿಂದ ಜಾರುತ್ತದೆ. 800 ಬಿಡಿ, 200 ಮೊಗ್ಗು ಕಟ್ಟುವಾಗ ಕಣ್ಣಲ್ಲಿ ನೀರು.

ಗಂಡ ಮುಂಬೈಯಲ್ಲಿ ಹೋಟೆಲ್ ಅಡುಗೆ ಕೆಲಸ. ಅವರು ಕಳಿಸುವುದು ಮನೆ ಖರ್ಚಿಗೆ ಸರಿ ಹೋಗುತ್ತದೆ. ಮಗಳ ಪಿಯುಸಿ ಫೀಸು, ಸಂಘದ ಸಾಲದ ಕಂತು, ಮಗನ ಬಸ್ಸು, ಇದೆಲ್ಲ ಮಲ್ಲಿಗೆಯದ್ದೇ.

ಇನ್ನು ನಿಜವಾದ ಪ್ರಶ್ನೆಗೆ ಬರುತ್ತೇನೆ. ನನಗೆ ಜನರಿಲ್ಲ ಅಂತ ಅಲ್ಲ. ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸನ್ನು ನಾವು ಬಾಯಿ ಅಂತ ಕರೆಯುವುದು, ಅವರಿಗೆ 60 ದಾಟಿದೆ. ಬೆಳಿಗ್ಗೆ ಆರಕ್ಕೆ ಬಂದು ನಮ್ಮ ಗಿಡದ ಮೊಗ್ಗು ಕೊಯ್ದು, ಆಮೇಲೆ ತನ್ನ ಗಿಡಕ್ಕೆ ಹೋಗುತ್ತಾರೆ. ಸಂಘದ ಹೆಂಗಸರು ಮೂರು ವಾರದ ಕಂತು ತಾವೇ ಸೇರಿಸಿ ಕಟ್ಟಿದರು. ಆದರೆ ಅವರು ಒಳ್ಳೆಯದು ಮಾಡಿದಷ್ಟೂ ನಾನು ಕುಗ್ಗುತ್ತಾ ಹೋಗುತ್ತಿದ್ದೇನೆ. ನಾಲ್ಕು ಜನರಿಗೆ ಹೂ ಕೊಟ್ಟು ಬದುಕಿದವಳು ನಾನು. ದೈವದ ಕೋಲಕ್ಕೆ, ಬಾಯಿಯ ಇಗರ್ಜಿಗೆ (ಚರ್ಚಿಗೆ), ದುಡ್ಡು ಕೇಳದೆ ಚೆಂಡು ಕೊಟ್ಟಿದ್ದೇನೆ. ಈಗ ತೆಗೆದುಕೊಳ್ಳಲು ಕೈ ಚಾಚುವಾಗ ಹಂಗು ಅನಿಸುತ್ತದೆ.

ಹೋದ ವಾರ ಬಾಯಿ ಗಂಜಿ, ತಿಮರೆ (ಒಂದೆಲಗ) ಚಟ್ನಿ ತಂದರು. "ನಮ್ಮದು ಅಡುಗೆ ಆಗಿದೆ ಬಾಯಿ" ಅಂತ ಹೇಳಿ ಕಳಿಸಿದೆ. ಒಲೆ ಕೂಡ ಹಚ್ಚಿರಲಿಲ್ಲ. ಮಕ್ಕಳು ಮೂರು ಗಂಟೆಗೆ ಉಂಡರು. ರಾತ್ರಿ ಮಗಳು ಕೇಳಿದಳು, "ಅಮ್ಮಾ, ನೀನು ಬಾಯಿಯ ಮುಖ ನೋಡಿದೆಯಾ?" ಅಂತ. ನಾನು ನೋಡಿರಲಿಲ್ಲ. ಅವಳು ನೋಡಿದ್ದಳು.

ಅಷ್ಟಮಿ, ಚೌತಿ, ನವರಾತ್ರಿ ಎಲ್ಲ ಮುಂದಿದೆ. ಹೂವಿಗೆ ರೇಟು ಬರುವ ಸಮಯ. ನನಗೆ ಬೆಳಿಗ್ಗೆ ಏಳಲು ಮನಸ್ಸೇ ಬರುವುದಿಲ್ಲ. ಇಂಥ ಹೊತ್ತಿನಲ್ಲಿ ನೀವೆಲ್ಲ ಹೇಗೆ ಎದ್ದಿರಿ? ಬೇರೆಯವರಿಂದ ತೆಗೆದುಕೊಳ್ಳುವುದನ್ನು ಹೇಗೆ ಕಲಿತಿರಿ?

---

ಮಲ್ಪೆ ದಕ್ಕೆ

ಅಕ್ಕ, ನಿಮ್ಮದು ಓದಿ ನನ್ನದೇ ಕತೆ ಅನಿಸಿತು. ನಾನು ಟ್ರಾಲ್ ಬೋಟಿನಲ್ಲಿ ಕೆಲಸ ಮಾಡುವವನು. ಎರಡು ವರ್ಷ ಹಿಂದೆ ಬಲೆ ಎಳೆಯುವಾಗ ರೋಪ್ ಬಡಿದು ಮೊಣಕಾಲು ಹೋಯಿತು. ಜನವರಿಯಲ್ಲಿ. ಸೀಸನ್ ಪೂರ್ತಿ ಮನೆಯಲ್ಲಿ.

ನಮ್ಮಲ್ಲಿ ಸಂಬಳ ಅಂತ ಇಲ್ಲ, ಬಂದ ಮೀನಿನಲ್ಲಿ ಪಾಲು. ಸಮುದ್ರಕ್ಕೆ ಹೋಗದವನಿಗೆ ಪಾಲು ಎಲ್ಲಿಂದ? ಆದರೂ ಬೋಟು ನಡೆಸುವ ನಮ್ಮ ತಾಂಡೇಲರು ಪ್ರತಿ ಟ್ರಿಪ್ಪಿಗೆ ಅರ್ಧ ಪಾಲು ಕಳಿಸಿದರು. ಮೊದಲ ಸಲ ವಾಪಸ್ ಕಳಿಸಿದೆ. ಅವರು ಮನೆಗೇ ಬಂದು ಬೈದರು. ನಾನೂ ಮಾತು ಬಿಟ್ಟೆ.

ಹದಿನೈದು ದಿನ ಬಿಟ್ಟು ರಿಕ್ಷಾದಲ್ಲಿ ಹರಿದ ಬಲೆ ತುಂಬಿಸಿ ತಂದು ನಮ್ಮ ಅಂಗಳದಲ್ಲಿ ಇಳಿಸಿದರು. "ಕಾಲು ಹೋದದ್ದಲ್ವಾ, ಕೈ ಉಂಟಲ್ಲ" ಅಂದರು. ಅಷ್ಟೇ ಹೇಳಿ ಹೋದರು. ಬಲೆ ಸರಿ ಮಾಡುವುದನ್ನು ನಾವು ಜಾಸ್ತಿ ಮಾಡುವುದು ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ಹೋಗುವ ಹಾಗಿಲ್ಲದಾಗ. ನಾನು ಫೆಬ್ರವರಿಯಲ್ಲೇ ಶುರು ಮಾಡಿದೆ. ಸಂಜೆ ಹುಡುಗರು ಬಂದು ಪಕ್ಕದಲ್ಲಿ ಕೂರುತ್ತಿದ್ದರು, ಎಲ್ಲಿ ಬಂಗುಡೆ ಸಿಕ್ಕಿತು, ಯಾರ ಎಂಜಿನ್ ಕೆಟ್ಟಿತು ಅಂತ ಹೇಳುತ್ತಿದ್ದರು. ಆವತ್ತಿನಿಂದ ರಾತ್ರಿ ನಿದ್ದೆ ಬರತೊಡಗಿತು ಅಕ್ಕ. ದುಡ್ಡು ಬಂದದ್ದರಿಂದ ಅಲ್ಲ. ನಾನು ಇನ್ನೂ ಆ ಬೋಟಿನವನೇ ಅಂತ ಅನಿಸಿದ್ದರಿಂದ.

ನಿಮ್ಮ ಎಡಗೈಯಿಂದ ಏನು ಆಗುತ್ತದೆ ನೋಡಿ. ಬಾಯಿಗೆ ಏನು ಬೇಕು ಅಂತ ಒಮ್ಮೆ ಕೇಳಿ ನೋಡಿ.

---

ಕೈಕಾಲು ಕಸರತ್ತು, ಮಂಗಳೂರು

ನಾನು ಫಿಸಿಯೋಥೆರಪಿಸ್ಟ್. ಮನಸ್ಸಿನ ಮಾತು ಬೇರೆಯವರು ಹೇಳಲಿ, ನಾನು ಕೈಯ ಬಗ್ಗೆ ಹೇಳುತ್ತೇನೆ.

ಪ್ಲಾಸ್ಟರ್ ತೆಗೆದು ಮೂರು ವಾರಕ್ಕೆ ಬೆರಳು ಬಿಗಿ ಇರುವುದು ತುಂಬಾ ಜನರಲ್ಲಿ ಕಾಣುತ್ತದೆ. ಕೈ ಹಾಳಾಯಿತು ಅಂತ ಅರ್ಥ ಅಲ್ಲ. ಪೂರ್ತಿ ಬಲ ಬರಲು ತಿಂಗಳುಗಳೇ ಬೇಕು. ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೈ ಇಟ್ಟು, ಆಮೇಲೆ ನಿಧಾನವಾಗಿ ಮುಷ್ಟಿ ಹಿಡಿದು ಬಿಡಿ. ಅಂಗೈ ಮೇಲೆ, ಕೆಳಗೆ ತಿರುಗಿಸಿ. ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ. ಒಂದೇ ಸಲ ಒಂದು ಗಂಟೆ ಬೇಡ. ಹೂ ಕಟ್ಟುವುದೇ ನಿಮಗೆ ಒಳ್ಳೆ ವ್ಯಾಯಾಮ, ಆದರೆ ಹದಿನೈದು ನಿಮಿಷ ಕಟ್ಟಿ, ಬಿಡಿ, ಮತ್ತೆ ಕಟ್ಟಿ. ಹತ್ತು ಗಂಟೆಯ ಗಡಿಬಿಡಿಯ ಹೂ ಬೇಡ, ಮನೆ ದೇವರ ಹೂವಿನಿಂದ ಶುರು ಮಾಡಿ.

ಕೈ ಬಾತು ಇಳಿಯದಿದ್ದರೆ, ಉರಿ ಉರಿ ನೋವು ಇದ್ದರೆ, ಚರ್ಮ ಹೊಳೆಯುತ್ತಿದ್ದರೆ, ಹೆಬ್ಬೆರಳು ತೋರುಬೆರಳು ಜುಮ್ಮೆನ್ನುತ್ತಿದ್ದರೆ ಕಾಯಬೇಡಿ. ಆ ವಾರವೇ ಡಾಕ್ಟರಿಗೆ ತೋರಿಸಿ.

---

ಇನ್ನಂಜೆಯ ಹಳೆ ಬೇಸಾಯ

ತಂಗೀ, ನನಗೆ 71 ವರ್ಷ. ನೀನು ಹಂಗು ಅಂತ ಬರೆದದ್ದು ಓದಿ ಸುಮ್ನೆ ಇರಲು ಆಗಲಿಲ್ಲ.

ನಾವು ಸಣ್ಣವರಿರುವಾಗ ನೇಜಿ (ಭತ್ತದ ಸಸಿ) ನೆಡಲು ಮುಯ್ಯಾಳು ಇತ್ತು. ಇವತ್ತು ನಮ್ಮ ಗದ್ದೆಗೆ ಅವರ ಮನೆಯವರು, ನಾಡಿದ್ದು ಅವರ ಗದ್ದೆಗೆ ನಾವು. ಕೂಲಿ ಇಲ್ಲ. ನಮ್ಮ ಅಮ್ಮ ಬಾಣಂತಿಯಾಗಿದ್ದ ವರ್ಷ ನಮ್ಮ ಮನೆಯಿಂದ ಯಾರೂ ಹೋಗಲು ಆಗಲಿಲ್ಲ. ಆದರೂ ನಮ್ಮ ಗದ್ದೆಗೆ ಎಂಟು ಜನ ಬಂದರು. ಮುಂದಿನ ವರ್ಷ ಅಮ್ಮ ಎರಡು ಪಟ್ಟು ದಿನ ಹೋದರು. ಯಾರೂ ಅದನ್ನು ಹಂಗು ಅನ್ನಲಿಲ್ಲ, ಮುಯ್ಯಿ ಅಂದರು. ಮುಯ್ಯಿಗೆ ಲೆಕ್ಕ ಉಂಟು, ಗಡುವು ಇಲ್ಲ. ಬಾಯಿ ನಿನಗೆ ಕೊಡುತ್ತಿರುವುದು ಭಿಕ್ಷೆ ಅಲ್ಲ ತಂಗೀ. ನೀನು ಇಗರ್ಜಿಗೆ ಕೊಟ್ಟ ಚೆಂಡು ಅವರಿಗೆ ನೆನಪಿರುತ್ತದೆ.

ಈಗ ಗಿಡದ ವಿಷಯ. ಸತ್ತ ಗಿಡವನ್ನು ಬೇರು ಸಮೇತ ಕಿತ್ತು ಸುಡು. ಅದೇ ಗುಂಡಿಯಲ್ಲಿ ಈಗಲೇ ಹೊಸದು ಇಡಬೇಡ. ಸುಣ್ಣ ಹಾಕಿ, ಮಳೆ ಹೋದ ಮೇಲೆ ಬಿಸಿಲು ಬೀಳಲು ಬಿಡು. ಉಳಿದ 35ಕ್ಕೆ ಮೊದಲು ಕಣಿ ಬಿಡಿಸು, ನೀರು ಹೋಗದೆ ಯಾವ ಮದ್ದೂ ನಾಟುವುದಿಲ್ಲ. ಆಮೇಲೆ ಒಂದು ಶೇಕಡಾ ಬೋರ್ಡೋ ದ್ರಾವಣ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ನಿನಗೆ 10 ಲೀಟರ್ ಸಾಕು, ಹಾಗಾದರೆ 100 ಗ್ರಾಂ, 100 ಗ್ರಾಂ. ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಪ್ಲಾಸ್ಟಿಕ್ ಬಕೆಟ್, ಕಬ್ಬಿಣದ್ದು ಬೇಡ. ಮಾಡಿದ ದಿನವೇ ಖಾಲಿ ಮಾಡು. ಸಂಶಯ ಇದ್ದರೆ ಒಣಗಿದ ಒಂದು ಗಿಡವನ್ನು ಬೇರು ಸಮೇತ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ ತೋರಿಸು.

27 ಗಿಡಕ್ಕೆ ದುಡ್ಡು ಕೊಡಬೇಡ. ಮಳೆ ಮುಗಿದು ಗಿಡ ಸವರುವಾಗ ನಿನ್ನದೇ ಗಿಡದ ಗೆಲ್ಲು (ಕೊಂಬೆ) ಸಿಗುತ್ತದೆ. ಅದನ್ನೇ ಪ್ಲಾಸ್ಟಿಕ್ ತೊಟ್ಟೆಯಲ್ಲಿ (ಚೀಲದಲ್ಲಿ) ನೆಟ್ಟು ಬೇರು ಬರಿಸು. ನಾಲ್ಕು ಜಾಸ್ತಿಯೇ ಮಾಡು, ಬೇಕಾದವರಿಗೆ ಕೊಡಲು ಆಗುತ್ತದೆ.

---

ತೋಡಿನ ಬದಿ, ಉಡುಪಿ

ಅಜ್ಜ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಎಲ್ಲದಕ್ಕೂ ಮುಯ್ಯಿ ತೀರಿಸಲು ಆಗುವುದಿಲ್ಲ.

2020ರ ಸೆಪ್ಟೆಂಬರ್ ನೆರೆಯಲ್ಲಿ ನಮ್ಮ ಮನೆಯೊಳಗೆ ಎದೆಮಟ್ಟ ನೀರು ಬಂತು. ಬೆಳಗಿನ ಜಾವ ಅತ್ತೆಯನ್ನು ಮೇಜಿನ ಮೇಲೆ ಕೂರಿಸಿ ನಿಂತಿದ್ದೆ. ಯಾರೋ ಇಬ್ಬರು ಹುಡುಗರು ದೋಣಿಯಲ್ಲಿ ಬಂದು ಅತ್ತೆಯನ್ನು ಎತ್ತಿಕೊಂಡು ಹೋದರು. ಅವರ ಹೆಸರು ಇವತ್ತಿಗೂ ಗೊತ್ತಿಲ್ಲ. ಹುಡುಕಿದೆ, ಸಿಗಲಿಲ್ಲ. ತುಂಬಾ ದಿನ ಅದೇ ಕೊರಗು. ಈಗ ನಮ್ಮ ಬೀದಿಯಲ್ಲಿ ಯಾರಿಗಾದರೂ ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ನನ್ನ ಸ್ಕೂಟರ್ ಹೊರಡುತ್ತದೆ. ಆ ಹುಡುಗರಿಗೆ ಅಲ್ಲ, ಗೊತ್ತು. ಆದರೂ ಕೊರಗು ಕಡಿಮೆಯಾಗಿದೆ.

ಇನ್ನೊಂದು. ಬೆಳಿಗ್ಗೆ ಏಳಲು ಮನಸ್ಸು ಬರುವುದಿಲ್ಲ ಅಂದಿರಿ. ಅದು ಎರಡು ವಾರಕ್ಕಿಂತ ಜಾಸ್ತಿ ಆಗಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, 14416ಕ್ಕೆ ಫೋನ್ ಮಾಡಿ. ಸರಕಾರದ ಟೆಲಿ ಮಾನಸ್. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನೆರೆಯ ಹಾಗೆ ಮನೆಯೊಳಗೆ ನೀರು ಬಂದ ಮೇಲೆ ಕರೆಯುವುದು ಬೇಡ, ಹೊಸ್ತಿಲ ಹತ್ತಿರ ಇರುವಾಗಲೇ ಕರೆಯಿರಿ.

---

ಅಂಗಳದ ಮಲ್ಲಿಗೆ (ಸೆಪ್ಟೆಂಬರ್ 9)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಡಗೈಯಲ್ಲಿ ಟೈಪ್ ಮಾಡುವುದು ನಿಧಾನ.

14416ಕ್ಕೆ ಒಂದು ರಾತ್ರಿ ಫೋನ್ ಮಾಡಿದೆ. ಮಾತಿಗಿಂತ ಅಳುವೇ ಜಾಸ್ತಿ ಆಯಿತು. ಆ ಕಡೆ ಇದ್ದ ಹೆಣ್ಣುಮಗಳು ಗಡಿಬಿಡಿ ಮಾಡಲಿಲ್ಲ. ಮರುದಿನ ಬಾಯಿಯ ಹತ್ತಿರ ಹೋಗಿ, ಆವತ್ತು ಒಲೆ ಹಚ್ಚಿರಲಿಲ್ಲ ಅಂತ ನಿಜ ಹೇಳಿದೆ. ಅವರಿಗೆ ಗೊತ್ತೇ ಇತ್ತಂತೆ. ನಮ್ಮ ಮನೆಯ ಹೊಗೆ ಅವರಿಗೆ ದಿನಾ ಕಾಣುತ್ತದಲ್ಲ.

ಮಲ್ಪೆಯ ತಮ್ಮ ಹೇಳಿದ ಹಾಗೆ, ಏನು ಬೇಕು ಬಾಯಿ ಅಂತ ಕೇಳಿದೆ. ಅವರು ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬ ತಂದರು. ತುಂಬಾ ಚೀಟಿ. ಫೆಬ್ರವರಿಯಿಂದ ಕೊಟ್ಟ ಹೂವಿನ ಲೆಕ್ಕ. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುವುದಿಲ್ಲ, ಮಗ ದುಬೈಯಲ್ಲಿ, ಯಾರ ಹತ್ತಿರ ಹೇಳುವುದು ಅಂತ ಅವರೂ ಸುಮ್ನೆ ಇದ್ದರು! ನನ್ನ ಹಾಗೆಯೇ. ಈಗ ದಿನಾ ಸಂಜೆ ಮಗನ ಹಳೆ ನೋಟ್ ಪುಸ್ತಕದಲ್ಲಿ ಇಬ್ಬರ ಲೆಕ್ಕವನ್ನೂ ಎಡಗೈಯಲ್ಲಿ ಬರೆಯುತ್ತೇನೆ. ದಿನ, ಎಷ್ಟು ಅಟ್ಟೆ, ಎಷ್ಟು ಚೆಂಡು, ರೇಟು, ಬಂದದ್ದು, ಬಾಕಿ. ಅಂಕಿ ವಕ್ರ, ಕೂಡಿಸಿದ್ದು ಸರಿ ಇದೆ. ಬಾಯಿಗೆ ಬರಬೇಕಾದ ಹಳೆ ಬಾಕಿ ಸಿಕ್ಕಿತು.

ಕೆಳಗಿನ ಸಾಲಿನ ಕಣಿಯನ್ನು ಸಂಘದ ನಾಲ್ಕು ಜನ ಒಂದು ಭಾನುವಾರ ಬಿಡಿಸಿದರು. ನಾನು ಬೇಡ ಅನ್ನಲಿಲ್ಲ. ಚಹಾ, ಅವಲಕ್ಕಿ ಮಾಡಿ ಕೊಟ್ಟೆ. ಬೋರ್ಡೋ ಹಾಕಿ ಆಯಿತು. 35ರಲ್ಲಿ ಇನ್ನೊಂದು ಹೋಯಿತು, 34 ಗಟ್ಟಿ ಇದೆ. ಕೈ ಈಗ 15 ನಿಮಿಷ ಕಟ್ಟಿ 10 ನಿಮಿಷ ಬಿಟ್ಟರೆ ಎರಡು ಗಂಟೆಯಲ್ಲಿ ಅರ್ಧ ಚೆಂಡು. ಇನ್ನರ್ಧ ಮಗಳು. ಅವಳ ಗಂಟು ನನ್ನದಕ್ಕಿಂತ ಬಿಗಿ.

ನಿನ್ನೆ ಮೊಂತಿ ಹಬ್ಬ, ಬಾಯಿಯವರ ಹೊಸ ತೆನೆಯ ಹಬ್ಬ. ಬಾಯಿ ನಮ್ಮನ್ನು ಊಟಕ್ಕೆ ಕರೆದರು. ಬಾಳೆ ಎಲೆ, ಹೊಸ ತೆನೆಯ ಅಕ್ಕಿ ಕಾಳು, ಹರಿವೆ, ಹೀರೆಕಾಯಿ, ಕೆಸುವಿನ ದಂಟು. ಅಡುಗೆ ಆಗಿದೆ ಅಂತ ಹೇಳಲಿಲ್ಲ. ಬಲಗೈಯಲ್ಲೇ ಕಲಸಿ ಉಂಡೆ, ನಿಧಾನ. ಬಾಯಿ ಎದುರು ಕೂತು ಕೈಯನ್ನೇ ನೋಡುತ್ತಿದ್ದರು.

ಅಜ್ಜ, ಒಂದು ಕೇಳಬೇಕಿತ್ತು. ಗೆಲ್ಲು ಕಡಿಯುವಾಗ ಎಷ್ಟು ಗಂಟು ಬಿಡಬೇಕು? ಬಾಯಿಯ ಗಿಡ ಎಲ್ಲ ಹಳತು. ಅವರಿಗೆ ಹತ್ತು ಹೊಸ ಗಿಡ ಮಾಡಿ ಕೊಡಬೇಕು ಅಂತ ಇದೆ.

---

ಇನ್ನಂಜೆಯ ಹಳೆ ಬೇಸಾಯ

ಮೂರು ಗಂಟು ಇರಲಿ ತಂಗೀ. ಎರಡು ಮಣ್ಣೊಳಗೆ, ಒಂದು ಮೇಲೆ. ತೀರಾ ಎಳೆಯದ್ದು ಬೇಡ, ತೀರಾ ಬಲಿತದ್ದೂ ಬೇಡ. ನೆರಳಲ್ಲಿ ಇಡು. ಎಲ್ಲವೂ ಬೇರು ಬಿಡುವುದಿಲ್ಲ, ಹತ್ತು ಬೇಕಾದರೆ ಇಪ್ಪತ್ತು ಹಾಕು.