ಸಂಗನಕಲ್ಲಿನ ಕಲ್ಲುಕೊಡಲಿಗಳು ಚೆನ್ನೈನಲ್ಲಿ ಯಾಕಿವೆ?

ಬಳ್ಳಾರಿ ಹುಡುಗಿ:
ಭಾನುವಾರ ಅಪ್ಪನ ಜೊತೆ ನಮ್ಮೂರಿನ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂಗೆ ಹೋಗಿದ್ದೆ. ಫೂಟ್ ಇಲ್ಲೇ ಹತ್ತಿರದ ಸಂಗನಕಲ್ಲು ಕಡೆ ಆರಿಸಿಕೊಂಡ ಶಿಲಾಯುಗದ ಕಲ್ಲುಕೊಡಲಿ, ಮಡಕೆ ಚೂರುಗಳು ಚೆನ್ನೈ ಮ್ಯೂಸಿಯಂನಲ್ಲಿವೆಯಂತೆ. ಅಲ್ಲಿಗೆ ಹೋಗಿದ್ದು ಹೇಗೆ? ವಾಪಸ್ ಕೇಳಬಾರದಾ? ನಮ್ಮ ಮ್ಯೂಸಿಯಂಗೆ ಬ್ರಿಟಿಷ್ ಅಧಿಕಾರಿ ಹೆಸರು ಯಾಕೆ ಅಂತ ಅಪ್ಪ ದಾರಿಯುದ್ದಕ್ಕೂ ಕೇಳುತ್ತಿದ್ದರು.

ಹಳೇ ಮೇಷ್ಟ್ರು:
ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು ಅಲ್ವಾ, ಮೈಸೂರಿಗೆ ಸೇರಿದ್ದು 1953ರಲ್ಲಿ. ಫೂಟ್ ಭೂವಿಜ್ಞಾನ ಸರ್ವೇಕ್ಷಣೆಯವರು. 1863ರಲ್ಲಿ ಮದ್ರಾಸ್ ಹತ್ತಿರದ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕೊಡಲಿ ಸಿಕ್ಕಿದ ಮೇಲೆ ಹೋದಲ್ಲೆಲ್ಲ ಹುಡುಕಿದರು. ಸಂಗ್ರಹವನ್ನು 1904ರಲ್ಲಿ ಮದ್ರಾಸ್ ಮ್ಯೂಸಿಯಂ ಕೊಂಡುಕೊಂಡಿತು. ಅದರಲ್ಲಿ ಬಡೋದಾದ ವಸ್ತುಗಳೂ ಇವೆ, ಮೈಸೂರಿನವೂ ಇವೆ. ಯಾವುದು ಎಲ್ಲಿ ಸಿಕ್ಕಿತು ಅಂತ ಬರೆದಿಟ್ಟಿದ್ದಾರೆ. ಒಡೆದು ಹಂಚಿದರೆ ಒಟ್ಟಿಗೆ ಇಟ್ಟು ಹೋಲಿಸಿ ನೋಡುವುದು ಕಷ್ಟವಾಗುತ್ತದೆ. ಕೆಲವನ್ನು ಬಳ್ಳಾರಿಯಲ್ಲಿ ಪ್ರದರ್ಶನಕ್ಕೆ ಕಳಿಸಿ ಅಂತ ಕೇಳುವುದು ಮಾತ್ರ ನ್ಯಾಯ.

ಬೂದಿಗುಡ್ಡ:
ಹೆಸರಿನ ವಿಷಯದಲ್ಲಿ ನಿಮ್ಮಪ್ಪನ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೂ ನಾನು ಫೂಟ್ ಪರ. ಕುಡತಿನಿ ಹತ್ತಿರದ ಬೂದಿಗುಡ್ಡ ಹಿಡಿಂಬಾಸುರನನ್ನು ಸುಟ್ಟ ಜಾಗ ಅಂತ ಜನ ಹೇಳುತ್ತಿದ್ದರು, ಹಂಪಿ ಬಳಿಯ ನಿಂಬಾಪುರದ್ದು ವಾಲಿಯನ್ನು ಸುಟ್ಟ ಜಾಗ ಅಂತ ಈಗಲೂ ಹೇಳುತ್ತಾರೆ. ಇದು ದನದ ಸಗಣಿ ಸುಟ್ಟ ಬೂದಿ ಅಂದವರು ಫೂಟ್. 1950ರ ದಶಕದಲ್ಲಿ ಪುರಾತತ್ವಜ್ಞ ಆಲ್ಚಿನ್ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ನಡುವೆ ದನದ ಗೊರಸಿನ ಗುರುತು ಸಿಕ್ಕಿತು, ಅಂದರೆ ಅದು ದನದ ದೊಡ್ಡಿ! ಊರವರೇನೂ ಸುಮ್ನೆ ಕಥೆ ಕಟ್ಟಲಿಲ್ಲ, ಸುಟ್ಟದ್ದು ಅಂತ ಅವರಿಗೆ ಗೊತ್ತಿತ್ತು. ಮ್ಯೂಸಿಯಂನಲ್ಲಿ ಎರಡೂ ಮಾತು ಬರೆದಿರಬೇಕು.

ಕಪ್ಪಗಲ್ಲು:
ನೀವೆಲ್ಲ ಚೆನ್ನೈ ಬಗ್ಗೆ ಮಾತಾಡುತ್ತಿದ್ದೀರಿ, ಆದರೆ ಸಂಗನಕಲ್ಲು ಪಕ್ಕದ ನಮ್ಮ ಕಪ್ಪಗಲ್ಲು ಗುಡ್ಡವೇ ಹೋಗುತ್ತಿದೆ! ಗೂಳಿಗಳ ಚಿತ್ರ ಕೆತ್ತಿದ ಬಂಡೆ, ಬಡಿದರೆ ಗಂಟೆಯಂತೆ ಕೇಳುವ ಬಂಡೆ, ಕೊಡಲಿ ಮಾಡುತ್ತಿದ್ದ ಜಾಗ, ಎಲ್ಲವೂ ಇಲ್ಲೇ. ಕ್ವಾರಿಯವರು ಎಷ್ಟೋ ಒಡೆದುಬಿಟ್ಟರು. ಕ್ವಾರಿ ಕೂಲಿಯಲ್ಲೇ ಬದುಕುವ ಮನೆಗಳೂ ಇವೆ, ಅವರನ್ನು ಬೈದು ಪ್ರಯೋಜನವಿಲ್ಲ, ಬೇರೆ ಕೆಲಸ ಕೊಡಬೇಕು. ಚೆನ್ನೈನಲ್ಲಿರುವ ಕೊಡಲಿ ನಾಳೆಯೂ ಅಲ್ಲೇ ಇರುತ್ತದೆ. ಒಡೆದ ಬಂಡೆಯನ್ನು ಯಾರನ್ನು ಕೇಳುವುದು?

ಬಳ್ಳಾರಿ ಹುಡುಗಿ:
ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಹೆಸರಿನ ಬಗ್ಗೆ ಇನ್ನೂ ಒಪ್ಪಿಲ್ಲ, ಗುಡ್ಡ ನೋಡಬೇಕು ಅಂತಿದ್ದಾರೆ. ಅವರಿಗೆ ಮೊಣಕಾಲು ನೋವು. ಕಪ್ಪಗಲ್ಲಿನವರೇ, ಯಾವ ಕಡೆಯಿಂದ ಹತ್ತಿದರೆ ಸುಲಭ?