ಬೆಂಡಿಕಾಯಿ ಹಾಕಿದ ಸೀಫುಡ್ ಗಂಬೋ, ರಾಯಚೂರಾಗ ಸಿಗೋ ಸಾಮಾನಿನಾಗ ಆಗ್ತದೇನ್ರಿ?

ರಾಯಚೂರ್ ಸೊಸಿ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮೈದುನ ಅಮೆರಿಕಾದ ಲೂಸಿಯಾನಾದಾಗ ಓದ್ಲಿಕ್ಕತ್ತಾನ, ಈಗ ರಜಾಕ್ಕ ಊರಿಗಿ ಬಂದಾನ, ಬಂದಾಗಿಂದ ಒಂದೇ ರಾಗ, ಅತ್ತಿಗಿ ಅಲ್ಲಿ ಗಂಬೋ ಅಂತ ಮಾಡ್ತಾರ, ಸೀಗಡಿ ಏಡಿ ಬೆಂಡಿಕಾಯಿ ಎಲ್ಲಾ ಹಾಕಿ ಕರ್ರಗ ಗಟ್ಟಿ ಸಾರು, ಅನ್ನದ ಮ್ಯಾಲ ಹಾಕ್ಕೊಂಡು ತಿಂತಾರ, ಒಂದ್ಸಲ ಮಾಡು ಅಂತ. ಆತು ಮಾಡೋಣಂತ ವಿಡಿಯೋ ಹಚ್ಚಿದ್ರ ನೋಡಿದಷ್ಟೂ ಗೊಂದಲ. ಒಬ್ರು ಟಮಾಟಿ ಹಾಕ್ತಾರ, ಇನ್ನೊಬ್ರು ಟಮಾಟಿ ಹಾಕಿದ್ರ ಅದು ಗಂಬೋನೇ ಅಲ್ಲ ಅಂತಾರ. ಮೈದಾಹಿಟ್ಟು ಎಣ್ಣಿಯಾಗ ಮುಕ್ಕಾಲು ತಾಸು ಹುರಿಬೇಕಂತ, ಈ ಬಿಸಲಾಗ ಒಲಿ ಮುಂದ ಅಷ್ಟೊತ್ತು ಯಾರು ನಿಂದರ್ತಾರ್ರಿ. ಸೆಲರಿ ಅಂತ, ಫಿಲೇ ಪುಡಿ ಅಂತ, ಅಂಡೂಯಿ ಸಾಸೇಜ್ ಅಂತ, ಇವೆಲ್ಲಾ ನಮ್ಮ ಊರಾಗ ಹೆಸರೂ ಕೇಳಿಲ್ಲ, ಅದೂ ಅಲ್ದ ನಮ್ಮ ಮನ್ಯಾಗ ಹಂದಿ ಮಾಂಸ ನಡಿಯಂಗಿಲ್ಲ.

ಎಲ್ಲಾಕಿಂತ ದೊಡ್ಡ ಚಿಂತಿ ಬೆಂಡಿಕಾಯಿದು. ಸಾರಿನಾಗ ಬೆಂಡಿಕಾಯಿ ಹಾಕಿದ್ರ ಲೋಳಿ ಲೋಳಿ ಆಗಂಗಿಲ್ಲೇನು? ಮತ್ತ ಸಮುದ್ರ ನಮಗ ಎಲ್ಲದ, ಇಲ್ಲಿ ಸಿಗೋ ಸೀಗಡಿ ಮೀನಿನಾಗ ಆಗ್ತದೋ ಇಲ್ಲೋ. ಒಂದು ಆರು ಮಂದಿಗಿ ಆಗೋ ಹಂಗ ಅಳತಿ ಸಮೇತ ಯಾರರ ಹೇಳ್ರಿ.

ಬಳ್ಳಾರಿ ಬಾಣಸಿಗ

ಅಕ್ಕಾ ನಾನು ಗಲ್ಫ್‌ನಲ್ಲಿ ಒಂದು ಹೋಟೆಲ್ ಕಿಚನ್‌ನಲ್ಲಿ ಕೆಲಸ ಮಾಡ್ದವನು, ಅಲ್ಲಿ ಮೆನುವಿನಲ್ಲಿ ಗಂಬೋ ಇತ್ತು, ನಮ್ಮ ಶೆಫ್ ಅದೇ ಲೂಸಿಯಾನಾದ ನ್ಯೂ ಆರ್ಲಿಯನ್ಸ್‌ನಲ್ಲಿ ಕಲ್ತು ಬಂದವರು. ಮೊದಲು ಆ ಸಿಗದೇ ಇರೋ ಸಾಮಾನಿನ ಲಿಸ್ಟ್ ಹರಿದು ಹಾಕಿ. ಗಂಬೋ ರುಚಿ ಇರೋದು ಎರಡರಲ್ಲೇ, ಒಂದು ಎಣ್ಣೇಲಿ ಮೈದಾನ ಚೆನ್ನಾಗಿ ಕಪ್ಪಾಗೋವರೆಗೂ ಹುರಿದದ್ದು, ಅದಕ್ಕೆ ರೂ ಅಂತಾರೆ, ಇನ್ನೊಂದು ಸೀಗಡಿ ತಲೆ ಸಿಪ್ಪೆ ಕುದಿಸಿದ ನೀರು. ಇವೆರಡೂ ಸರಿ ಬಂದ್ರೆ ಸೆಲರಿ ಇಲ್ಲ ಅಂತ ನಿಮ್ಮ ಮೈದುನಂಗೆ ಗೊತ್ತೂ ಆಗಲ್ಲ.

ಆರು ಜನಕ್ಕೆ ತಲೆ ಇರೋ ಸೀಗಡಿ 1 ಕೆಜಿ ತಗೊಳ್ಳಿ, ಬಿಡಿಸಿದ್ಮೇಲೆ ಹೆಚ್ಚುಕಮ್ಮಿ ಅರ್ಧ ಕೆಜಿ ಮಾಂಸ ಉಳಿಯುತ್ತೆ. ತಲೆ ಸಿಪ್ಪೆ ಬಿಸಾಕ್ಬೇಡಿ. ಒಂದು ಸ್ಪೂನ್ ಎಣ್ಣೇಲಿ ಕೆಂಪಗಾಗೋವರೆಗೂ ಹುರಿದು, 2 ಲೀಟರ್ ನೀರು ಹಾಕಿ, ಒಂದು ಉಳ್ಳಾಗಡ್ಡೆ ಸೀಳಿ ಹಾಕಿ ಅರ್ಧ ತಾಸು ಸಣ್ಣ ಉರೀಲಿ ಬಿಡಿ. ಆಮೇಲೆ ಸೋಸುವಾಗ ತಲೆಗಳನ್ನ ಸೌಟಲ್ಲಿ ಒತ್ತಿ ಒತ್ತಿ ಸೋಸಿ, ಆ ತಲೆಯೊಳಗಿನ ಕಿತ್ತಳೆ ಬಣ್ಣದ ರಸ ಐತಲ್ಲ ಅದೇ ಅಸಲು ಮಾಲು. ಈ ನೀರು ಬಿಟ್ಟು ಬರೀ ನಲ್ಲಿ ನೀರು ಹಾಕಿ ಮಾಡಿದ್ರೆ ಅದು ಮೈದಾ ಗಂಜಿ ಅಷ್ಟೇ.

ಇನ್ನು ರೂ. ಅರ್ಧ ಕಪ್ ಎಣ್ಣೆ, ಅರ್ಧ ಕಪ್ ಮೈದಾ, ಎರಡೂ ಸಮ. ರಿಫೈಂಡ್ ಶೇಂಗಾ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಸಾಕು, ಬೆಣ್ಣೆ ಬೇಡ, ಬೆಣ್ಣೆಯೊಳಗಿನ ಹಾಲಿನ ಅಂಶ ಮೊದಲೇ ಸೀದು ಹೋಗುತ್ತೆ. ಗೋಧಿಹಿಟ್ಟೂ ಬೇಡ, ಅದ್ರ ತೌಡು ಬೇಗ ಹತ್ತಿ ಕಹಿ ಬರುತ್ತೆ. ದಪ್ಪ ತಳದ ಪಾತ್ರೆ, ಸಣ್ಣ ಉರಿಗಿಂತ ಸ್ವಲ್ಪ ಜಾಸ್ತಿ, ಕಟ್ಟಿಗೆ ಚಮಚ ಹಿಡ್ಕೊಂಡು ಕೈ ಬಿಡದೆ ತಿರುಗಿಸ್ತಾ ಇರಿ, ಫೋನ್ ಬಂದ್ರೂ ಎತ್ತಬೇಡಿ. ಮೊದಲು ಬಿಳಿ, ಆಮೇಲೆ ಹೊಂಬಣ್ಣ, ಆಮೇಲೆ ಕಂದು, ಕೊನೆಗೆ ಕಪ್ಪು ಬೆಲ್ಲದ ಬಣ್ಣ ಬರುತ್ತೆ, ಹಸಿಹಿಟ್ಟಿನ ವಾಸನೆ ಹೋಗಿ ಹುರಿದ ಶೇಂಗಾ ಘಮ ಬರುತ್ತೆ. 35-40 ನಿಮಿಷ ಹಿಡಿಯುತ್ತೆ. ನಡುವೆ ಕಪ್ಪು ಚುಕ್ಕಿ ಚುಕ್ಕಿ ಕಾಣಿಸ್ತಾ, ಸೀದೈತೆ ಅಂತ ಅರ್ಥ, ಚೆಲ್ಲಿ ಮತ್ತೆ ಶುರು ಮಾಡಿ, ಏನು ಹಾಕಿದ್ರೂ ಆ ಕಹಿ ಹೋಗಲ್ಲ. ಹುಷಾರು, ಕೈಮೇಲೆ ಹಾರಿದ್ರೆ ಎಣ್ಣೆ ಥರ ಜಾರಲ್ಲ ಅದು, ಅಂಟ್ಕೊಂಡು ಸುಡುತ್ತೆ, ಮಕ್ಕಳನ್ನ ಅಡುಗೆಮನೆಯಿಂದ ಆಚೆ ಕಳಿಸಿ.

ಬಣ್ಣ ಬಂತು ಅಂದ ಕ್ಷಣ ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡೆ ಎರಡು, ಕ್ಯಾಪ್ಸಿಕಂ ಒಂದು, ಕೊತ್ತಂಬರಿ ದಂಟು ಒಂದು ಹಿಡಿ ಸುರಿದ್ಬಿಡಿ, ಅವುಗಳ ನೀರಿಗೆ ರೂ ಕಾವು ಇಳಿಯುತ್ತೆ, ಇನ್ನಷ್ಟು ಕಪ್ಪಾಗೋದು ನಿಲ್ಲುತ್ತೆ. ಸೆಲರಿ ಬದಲಿಗೇ ಆ ಕೊತ್ತಂಬರಿ ದಂಟು. ಮೆತ್ತಗಾದ್ಮೇಲೆ ಬೆಳ್ಳುಳ್ಳಿ, ಆಮೇಲೆ ಸೋಸಿದ ಬಿಸಿ ನೀರು ಸ್ವಲ್ಪ ಸ್ವಲ್ಪ ಹಾಕ್ತಾ ಗಂಟಿಲ್ಲದಂಗೆ ಕಲಸಿ. ಥೈಮ್ ಅನ್ನೋ ಘಮದ ಸೊಪ್ಪು ಹಾಕ್ತಾರೆ ಅಲ್ಲಿನವರು, ನಿಮ್ಮ ಹತ್ರ ಇಲ್ದಿದ್ರೆ ಎರಡು ಚಿಟಿಕೆ ಅಜವಾನ ಸಾಕು, ಎರಡರಲ್ಲೂ ಇರೋದು ಥೈಮಾಲ್ ಅನ್ನೋ ಒಂದೇ ಘಾಟು. ನಮ್ಮ ಪಲಾವ್ ಎಲೆ ಮಾತ್ರ ಬೇಡ, ಅದು ದಾಲ್ಚಿನ್ನಿ ವಾಸನೆ ಹೊಡೆಯುತ್ತೆ, ಅವರ ಬೇ ಲೀಫ್ ಬೇರೆ ಗಿಡ. ಖಾರಕ್ಕೆ ಬ್ಯಾಡಗಿ ಪುಡಿ ಬಣ್ಣಕ್ಕಷ್ಟು, ಗುಂಟೂರು ಪುಡಿ ಘಾಟಿಗಷ್ಟು. ಇಷ್ಟು ಹಾಕಿ ಮುಕ್ಕಾಲು ತಾಸು ಸಣ್ಣಗೆ ಕುದೀಲಿ, ಮೇಲೆ ತೇಲೋ ಎಣ್ಣೆ ತೆಗೀತಾ ಇರಿ.

ಸೀಗಡಿ ಕಟ್ಟಕಡೆಗೆ. ಕುದಿಯೋ ಗಂಬೋಗೆ ಹಾಕಿ ಮೂರು ನಾಲ್ಕು ನಿಮಿಷ, ಬಣ್ಣ ತಿರುಗಿ ಬಗ್ಗಿದ್ರೆ ಆಯ್ತು, ಗ್ಯಾಸ್ ಬಂದ್. ಪೂರ್ತಿ ಸುತ್ಕೊಂಡು ಉಂಡೆ ಆದ್ರೆ ರಬ್ಬರ್.

ಗಂಗಾವತಿ ಅಕ್ಕ

ಬೆಂಡಿಕಾಯಿ ವಿಷಯ ನಾ ಹೇಳ್ತೀನಿ, ಮ್ಯಾಲಿನ ಅಣ್ಣಾರು ಅದನ್ನ ಮರ್ತೇ ಬಿಟ್ರು.

ಅರ್ಧ ಕೆಜಿಗಿ ಸ್ವಲ್ಪ ಕಡಿಮಿ ಎಳೇ ಬೆಂಡಿಕಾಯಿ ತಗೊಳ್ರಿ, ತುದಿ ಮುರದ್ರ ಟಕ್ ಅನ್ನಬೇಕು. ತೊಳದು ಒಣ ಅರಿವಿಲೆ ಒಂದೊಂದೂ ಒರಸಿ, ಫ್ಯಾನಿನ ಗಾಳಿಗೆ ಹರವಿ, ಪೂರ್ತಿ ಒಣಗಿದ ಮ್ಯಾಲ ಹೆಚ್ರಿ, ಹೆಚ್ಚಿದ ಮ್ಯಾಲ ನೀರು ತಾಕಸಲೇಬ್ಯಾಡ್ರಿ. ಅಗಲ ಬಾಣಲಿಯಾಗ ಎರಡು ಚಮಚ ಎಣ್ಣಿ ಕಾಸಿ, ದೊಡ್ಡ ಉರಿ ಇಟ್ಟು ಹುರೀರಿ. ಮುಚ್ಚಳ ಮುಚ್ಚಬ್ಯಾಡ್ರಿ, ಉಪ್ಪು ಈಗ ಹಾಕಬ್ಯಾಡ್ರಿ, ಉಪ್ಪು ಬಿದ್ರ ನೀರು ಬಿಟ್ಟು ಮತ್ತ ಲೋಳಿ ಏಳತೈತಿ. ಮೊದ್ಲ ಚಮಚ ಎತ್ತಿದ್ರ ನೂಲು ನೂಲು ಬರತೈತಿ, ಹೆದರಿ ಗ್ಯಾಸ್ ಆರಸಬ್ಯಾಡ್ರಿ, ಹತ್ತು ಹನ್ನೆರಡು ನಿಮಿಷದಾಗ ಆ ನೂಲು ತಾನಾ ಹರಕೊಂತ ಹೋಗಿ ಅಂಚು ಕಂದು ಆಗತೈತಿ. ಅವಾಗ ಹೆಚ್ಚಿದ ಟಮಾಟಿ ಎರಡು ಹಾಕಿ ಬಾಡಿಸಿ ಇಟ್ಕೊಳ್ರಿ, ಹುಳಿ ಬಿದ್ರ ಉಳಿದ ಲೋಳಿನೂ ಮುರೀತೈತಿ, ನಾವು ಬೆಂಡಿಕಾಯಿಗೆ ಹುಣಸಿಹುಳಿ ಹಾಕೋದು ಅದಕ್ಕ ಅಲ್ಲೇನ್ರಿ. ಕಬ್ಬಿಣದ ಬಾಣಲಿ ಮಾತ್ರ ಬ್ಯಾಡ, ಬೆಂಡಿಕಾಯಿ ಕರ್ರಗಾಗತೈತಿ. ಇದನ್ನ ರೂ ನೀರಿಗೆ ಬಿದ್ದ ಮ್ಯಾಲ, ಕುದಿಯಾಕ ಹತ್ತಿದಾಗ ಕೂಡಸ್ರಿ.

ಟಮಾಟಿ ಜಗಳ ಅಲ್ಲಿ ಹಳೇದು. ನ್ಯೂ ಆರ್ಲಿಯನ್ಸ್ ಪಟ್ಟಣದ ಕ್ರಿಯೋಲ್ ಮಂದಿ ಹಾಕ್ತಾರ, ಹಳ್ಳಿ ಕಡಿ ಕೇಜನ್ ಮಂದಿ ಹಾಕಂಗಿಲ್ಲ. ಬೆಂಡಿಕಾಯಿ ಇದ್ದಾಗ ಹಾಕೋದ ಚಲೋ ಅಂತ ನನ್ನ ಅಭಿಪ್ರಾಯ.

ಮತ್ತ ಒಣ ಸೀಗಡಿ ಮರೀಬ್ಯಾಡ್ರಿ, ನಮ್ಮ ಸಂತ್ಯಾಗ ಸಿಗೋದ. ಅದು ನಮ್ಮ ಬಡವರ ಪದಾರ್ಥ ಅಂತ ನಾಚಿಕಿ ಬ್ಯಾಡ, ಲೂಸಿಯಾನಾದಾಗೂ ಗಂಬೋಕ್ಕ ಒಣ ಸೀಗಡಿ ಹಾಕ್ತಾರ. ಅಲ್ಲಿ ಬರಾಟಾರಿಯಾ ಕೊಲ್ಲಿಯಾಗ ಚೀನಾ ಮಂದಿ, ಫಿಲಿಪೀನ್ಸ್ ಮಂದಿ ನೀರಿನ ಮ್ಯಾಲ ಕಂಬ ನೆಟ್ಟು ಅಟ್ಟ ಕಟ್ಟಿ ಸೀಗಡಿ ಒಣಗಸ್ತಿದ್ರು, ಮನಿಲಾ ವಿಲೇಜ್ ಅಂತ ಒಂದು ಊರ ಇತ್ತು, 1965ರಾಗ ಬೆಟ್ಸಿ ಅನ್ನೋ ಚಂಡಮಾರುತಕ್ಕ ಕೊಚ್ಚಿ ಹೋತು. ಒಂದು ಹಿಡಿ ಒಣ ಸೀಗಡಿ ತಲಿ ಬಾಲ ಮುರದು, ಎರಡು ಸಲ ತೊಳದು ಉಸುಕು ತಗದು, ಹುರದು ಪುಡಿ ಮಾಡಿ ಹಾಕ್ರಿ. ಅದರಾಗ ಉಪ್ಪು ಇರತೈತಿ, ಗಂಬೋಕ್ಕ ಉಪ್ಪು ಕಡೀಕ ನೋಡಿ ಹಾಕ್ರಿ.

ಅನ್ನಕ್ಕ ನಮ್ಮ ಸೋನಾಮಸೂರಿನ ಸಾಕ್ರಿ, ಬಾಸುಮತಿ ಘಮ ಇದಕ್ಕ ಹೊಂದಂಗಿಲ್ಲ. ಗಂಗಾವತಿಯಾಕಿ ಅಂತ ಹೇಳಾಕತ್ತಿಲ್ಲ ಮತ್ತ!

ಕೊಪ್ಪಳ ಖಾರ

ಇಷ್ಟೆಲ್ಲಾ ತಿರುಗಿಸಿ ಮುಗುಸೋದ್ರಾಗ ನಾವು ಸೀಗಡಿ ಸಾರು ಮಾಡಿ ಉಂಡು ಮಕ್ಕೊಂಡಿರ್ತೀವಿ. ಮೈದಾ ಹುರಿಯೋ ಬದ್ಲಿ ಒಣಕೊಬ್ರಿ ಗಸಗಸಿ ರುಬ್ಬಿ ಹಾಕಿ, ಗರಂ ಮಸಾಲಿ ಒಂದು ಚಮಚ ಹಾಕಿದ್ರ ಇನ್ನೂ ಗಟ್ಟಿ, ಇನ್ನೂ ರುಚಿ.

ಬಳ್ಳಾರಿ ಬಾಣಸಿಗ

ಅಣ್ಣಾ ರುಚಿ ಇರುತ್ತೆ, ಇಲ್ಲ ಅನ್ನಲ್ಲ, ಆದ್ರೆ ಅದು ಸೀಗಡಿ ಸಾರು. ಅಕ್ಕ ಕೇಳಿದ್ದು ಗಂಬೋ. ಗರಂ ಮಸಾಲೆ ಒಂದು ಚಮಚ ಬಿದ್ರೆ ಆ ಹುರಿದ ಹಿಟ್ಟಿನ ರುಚಿ ಮುಚ್ಚಿಹೋಗುತ್ತೆ, ಅಷ್ಟೊತ್ತು ತಿರುಗಿಸಿದ ಕೈನೋವೇ ಲಾಭ.

ಗಂಗಾವತಿ ಅಕ್ಕ ಹೇಳಿದ್ಕೆ ಒಂದು ಸೇರಿಸ್ತೀನಿ. ಬೆಂಡೆಕಾಯಿ ಲೋಳೆನ ಪೂರ್ತಿ ಸಾಯಿಸಬೇಡಿ. ರೂ ಕಪ್ಪಾದಷ್ಟೂ ರುಚಿ ಏರುತ್ತೆ ಆದ್ರೆ ಗಟ್ಟಿ ಮಾಡೋ ಶಕ್ತಿ ಇಳಿಯುತ್ತೆ, ಕಾವಿಗೆ ಹಿಟ್ಟಿನ ಪಿಷ್ಟ ಮುರೀತಾ ಹೋಗುತ್ತೆ ನೋಡಿ, ಆ ಕೊರತೆ ತುಂಬೋದೇ ಬೆಂಡೆಕಾಯಿ. ಅದಕ್ಕೇ ಸಾಸಾಫ್ರಾಸ್ ಗಿಡದ ಎಲೆ ಪುಡಿ, ಅದೇ ಫಿಲೇ, ಅದು ಇಲ್ದಿದ್ರೂ ನಿಮ್ದು ನಡೆಯುತ್ತೆ. ಅದು ಅಲ್ಲಿನ ಮೂಲನಿವಾಸಿ ಚಾಕ್ಟಾ ಜನ ಬಳಸ್ತಿದ್ದದ್ದು, ಬೆಂಡೆಕಾಯಿ ಆಫ್ರಿಕಾದಿಂದ ಗುಲಾಮರಾಗಿ ತಂದ ಜನರ ಜೊತೆ ಬಂದದ್ದು, ರೂ ಫ್ರೆಂಚರದ್ದು. ಬೇಸಿಗೇಲಿ ಬೆಂಡೆ, ಬೆಂಡೆ ಇಲ್ಲದ ಚಳಿಗಾಲದಲ್ಲಿ ಫಿಲೇ ಅಂತ ಹಳೇ ಪದ್ಧತಿ, ಎರಡೂ ಒಟ್ಟಿಗೆ ಹಾಕಿದ್ರೆ ತುಂಬಾ ಅಂಟಾಗುತ್ತೆ ಅಂತ ಬಹಳ ಜನ ಹಾಕಲ್ಲ.

ಸಾಸೇಜ್ ಬಿಟ್ಬಿಡಿ. ಬರೀ ಸೀಫುಡ್ ಗಂಬೋಗೆ ಅದಿಲ್ದೇ ಮಾಡೋರು ಅಲ್ಲೂ ಇದ್ದಾರೆ. ಹೊಗೆ ವಾಸನೆ ಬೇಕೇ ಬೇಕಂದ್ರೆ ಕೊನೇಲಿ ಒಂದು ಬಟ್ಟಲಲ್ಲಿ ಕೆಂಡ ಇಟ್ಟು ಎರಡು ಹನಿ ತುಪ್ಪ ಬಿಟ್ಟು ಪಾತ್ರೆ ಒಳಗಿಟ್ಟು ಎರಡು ನಿಮಿಷ ಮುಚ್ಚಿ.

ಸಿಂಧನೂರ್ ಹುಡ್ಗ

ಅಕ್ಕಾರ, ಮೀನಿಗಿ ಸಿಂಧನೂರಿಗಿ ಬರ್ರಿ. ನಮ್ಮ ಕಡಿ ಆರ್‌ಎಚ್ ಕ್ಯಾಂಪ್‌ಗಳು, ಅಂದ್ರ ಪುನರ್ವಸತಿ ಕ್ಯಾಂಪ್‌ಗಳು ಅದಾವಲ್ರಿ, ಪೂರ್ವ ಬಂಗಾಳದ ಕಡಿಂದ ಬಂದು ನೆಲಿ ನಿಂತ ಬಂಗಾಳಿ ಮಂದಿ, ಮೀನಿಲ್ದ ಅವ್ರಿಗಿ ಊಟ ಇಳಿಯಂಗಿಲ್ಲ. ಮೀನು ಆರ್ಸೋದು ಅವ್ರನ್ನ ನೋಡಿ ಕಲೀಬೇಕು, ಕಿವಿರು ಎತ್ತಿ ನೋಡ್ತಾರ, ಬೆರಳಿಲೆ ಒತ್ತಿ ನೋಡ್ತಾರ, ಮಾರೋನ ಮಾತು ಕೇಳೋದೇ ಇಲ್ಲ.

ಸೀಗಡಿ ತಗೊಳೋವಾಗ ತಲಿ ನೋಡ್ರಿ, ತಲಿ ಕರ್ರಗಾಗಿದ್ರ, ಮೈಯಿಂದ ಸಡಲಾಗಿ ಜೋತಾಡ್ತಿದ್ರ ಹಳೇದು ಅಂತ ತಿಳೀರಿ, ಅಮೋನಿಯಾ ವಾಸನಿ ಬಂದ್ರಂತೂ ಮುಟ್ಟಬ್ಯಾಡ್ರಿ. ತಲಿ ಇರೋದು ಸಿಗದ ಬರೀ ಫ್ರೋಜನ್ ಸಿಕ್ತು ಅಂದ್ರ ನೀರು ಕುದಿಸ್ಲಿಕ್ಕೆ ಸಿಪ್ಪಿ ಇರಂಗಿಲ್ಲ, ಅವಾಗ ಗಂಗಾವತಿ ಅಕ್ಕ ಹೇಳಿದ ಒಣ ಸೀಗಡಿನೇ ನೀರಿಗಿ ಹಾಕಿ ಕುದಿಸ್ರಿ. ಫ್ರೋಜನ್ ಪಾಕೀಟು ರಾತ್ರಿನೇ ಫ್ರಿಜ್ಜಿನ ಕೆಳಗ ಇಡ್ರಿ, ಬಿಸಿನೀರಾಗ ಮುಳುಗಿಸಬ್ಯಾಡ್ರಿ.

ಕಟ್ಲಾ ರೋಹು ಹಾಕಬೇಕಂದ್ರ ಗಂಬೋದಾಗ ಮುಳ್ಳು ಆರ್ಸೋದೇ ಊಟ ಆಗ್ತದ, ಕೊರಮೀನು ಸಿಕ್ರ ಹಾಕ್ರಿ, ಮುಳ್ಳು ಕಡಿಮಿ, ಒಡೆಯಂಗಿಲ್ಲ. ಏಡಿ ಸಮುದ್ರದ್ದು ಐಸಿನಾಗ ಬಂದದ್ದು ಸಿಕ್ರ ಛಲೋ, ನಾಕು ತುಂಡು ಮಾಡಿ ಸೀಗಡಿಗಿಂತ ಇಪ್ಪತ್ತು ನಿಮಿಷ ಮೊದ್ಲ ಹಾಕ್ರಿ. ಗದ್ದಿ ಏಡಿ ಆದ್ರ ಅರೆಬೆಂದದ್ದು ತಿನ್ನಬ್ಯಾಡ್ರಿ, ಅದರಾಗ ಶ್ವಾಸಕೋಶಕ್ಕ ಹೋಗೋ ಹುಳ ಇರ್ತದ, ಚೆಂದಾಗಿ ಕುದ್ದ ಮ್ಯಾಲ ಏನೂ ಆಗಂಗಿಲ್ಲ. ಮನ್ಯಾಗ ಯಾರಿಗರ ಸೀಗಡಿ ಏಡಿ ಅಲರ್ಜಿ ಅದನೋ ಹೆಂಗ ಮೊದ್ಲೇ ಕೇಳ್ರಿ, ಒಂದೇ ಪಾತ್ರಿ ಅಡುಗಿ ಇದು, ಆರಿಸಿ ಬಿಡ್ಲಿಕ್ಕೆ ಬರಂಗಿಲ್ಲ.

ರಾಯಚೂರ್ ಸೊಸಿ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ರಿ, ಸ್ಕ್ರೀನ್‌ಶಾಟ್ ತಗೊಂಡೀನಿ. ಇನ್ನೆರಡು ಕೇಳೋದದ. ಒಂದು, ರೂ ಹಿಂದಿನ ದಿನ ಬೆಳಿಗ್ಗಿ ತಂಪೊತ್ತಿನಾಗ ಮಾಡಿ ಇಡ್ಲಿಕ್ಕೆ ಬರ್ತದೇನು? ಇನ್ನೊಂದು, ಅತ್ತಿ ಮೀನು ಮಾಂಸ ತಿನ್ನಂಗಿಲ್ಲ, ಅವ್ರಿಗಿ ಬ್ಯಾರೆ ಏನರ ಇದೇ ಥರದ್ದು ಆಗ್ತದೋ? ಮತ್ತ ಮೈದುನ ಈಗ ಹೊಸಾದು ತಗದಾನ, ಗಂಬೋ ಜೋಡಿ ಆಲೂಗಡ್ಡಿ ಸಲಾಡ್ ಬೇಕಂತ, ನಂಗ ಆಟ ಆಡಿಸ್ಲಿಕ್ಕತ್ತಾನೋ ಏನೋ.

ಗಂಗಾವತಿ ಅಕ್ಕ

ಅತ್ತಿಯವರಿಗೆ ಸೊಪ್ಪಿನ ಗಂಬೋ ಮಾಡ್ರಿ, ಗಂಬೋ ಝೆರ್ಬ್ ಅಂತ ಅದೂ ಅಲ್ಲಿದ ಐತಿ. ಈಸ್ಟರ್ ಮುಂಚಿನ ಉಪವಾಸದಾಗ ಮಾಡ್ತಾರ, ನ್ಯೂ ಆರ್ಲಿಯನ್ಸಿನ ಲೀಯಾ ಚೇಸ್ ಅನ್ನೋ ಅಜ್ಜಿ ಇದಕ್ಕ ಭಾಳ ಹೆಸರಾಗಿದ್ರು, 2019ರಾಗ ತೀರಿಕೊಂಡ್ರು, ಅವರು ಮಾಂಸನೂ ಹಾಕ್ತಿದ್ರು, ನೀವು ಬಿಡ್ರಿ. ಪಾಲಕ, ಮೆಂತ್ಯ, ಮೂಲಂಗಿ ತಪ್ಪಲ, ಕೋಸು, ಒಂದು ಹಿಡಿ ಪುಂಡಿ ಸೊಪ್ಪು, ಐದು ಥರ ಆತು, ಅಲ್ಲಿ ಬೆಸ ಸಂಖ್ಯೆ ಸೊಪ್ಪು ಹಾಕಿದ್ರ ಒಳ್ಳೇದು ಅಂತ ನಂಬಿಕಿ. ರೂ ಮಾಡಿದ ಕೂಡ್ಲೇ ಎರಡು ಚಮಚ ಬ್ಯಾರೆ ಪಾತ್ರಿಗೆ ತಗದಿಟ್ರ ಅದಕ್ಕೂ ಆಗತೈತಿ, ಸೀಗಡಿ ಸೌಟು ಅದಕ್ಕ ತಾಕಸಬ್ಯಾಡ್ರಿ ಅಷ್ಟ.

ಬಳ್ಳಾರಿ ಬಾಣಸಿಗ

ರೂ ಧಾರಾಳವಾಗಿ ಮೊದಲೇ ಮಾಡಿ ಅಕ್ಕಾ, ಪೂರ್ತಿ ಆರಿಸಿ ಗಾಜಿನ ಡಬ್ಬೀಲಿ ಹಾಕಿ ಫ್ರಿಜ್‌ನಲ್ಲಿಟ್ರೆ ವಾರ ಏನೂ ಆಗಲ್ಲ. ಎಣ್ಣೆ ಮೇಲೆ ನಿಂತಿರುತ್ತೆ, ಕಲಸಿ ಬಿಸಿ ಮಾಡ್ಕೊಂಡು ಉಳ್ಳಾಗಡ್ಡೆಯಿಂದ ಮುಂದುವರಿಸಿ. ಸೀಗಡಿ ನೀರೂ ಹಿಂದಿನ ದಿನ ಮಾಡಿಟ್ಕೋಬಹುದು. ಬೇಕಂದ್ರೆ ಗಂಬೋನೇ ಹಿಂದಿನ ದಿನ ಮಾಡಿ, ಮರುದಿನ ಇನ್ನೂ ರುಚಿ ಕೂಡುತ್ತೆ, ಸೀಗಡಿ ಮಾತ್ರ ಬಡಿಸೋ ಮುಂಚೆ ಬಿಸಿ ಮಾಡುವಾಗ ಹಾಕಿ.

ಆಲೂಗಡ್ಡೆ ಸಲಾಡ್ ವಿಷಯ ನಿಜ, ಆಟ ಆಡಿಸ್ತಿಲ್ಲ ಅವನು. ಕೇಜನ್ ಮಂದಿ ಗಂಬೋ ಬಟ್ಟಲಲ್ಲೇ ಒಂದು ಸೌಟು ಸಲಾಡ್ ಹಾಕ್ಕೊಂಡು ತಿಂತಾರೆ, ಕೆಲವರು ಅನ್ನದ ಬದಲಿಗೇ. ಬೇಯಿಸಿದ ಆಲೂ, ಮೊಟ್ಟೆ, ಮೇಯನೇಸ್, ಸ್ವಲ್ಪ ಸಾಸಿವೆ ಸಾಸ್, ಇಷ್ಟೇ ಅದು. ನೀವು ರೂ ತಿರುಗಿಸ್ತಾ ಇರುವಾಗ ಆಲೂಗಡ್ಡೆ ಸಿಪ್ಪೆ ತೆಗೆಯೋಕೆ ಅವನನ್ನೇ ಕೂರಿಸಿ.