ಮನೆಯಲ್ಲೇ ಓವರ್‌ಡ್ರೈವ್ ಪೆಡಲ್ ಕಟ್ಟುವವರಿಗೆ: ಕಟ್ಟಿದವರ ಅನುಭವ

ಪ್ರಶ್ನೆ: ಬೆಂಗಳೂರಿನ ಜಯನಗರದಲ್ಲಿದ್ದೇನೆ, ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಬೆಸುಗೆ ಹಾಕುವುದು ತಕ್ಕಮಟ್ಟಿಗೆ ಬರುತ್ತದೆ, ಸರ್ಕ್ಯೂಟ್ ಓದುವ ಅಭ್ಯಾಸ ಕಡಿಮೆ. ಓವರ್‌ಡ್ರೈವ್ ಪೆಡಲ್ (ಗಿಟಾರಿನ ಧ್ವನಿಯನ್ನು ‘ಒಡೆದು’, ಅಂದರೆ ಒರಟಾಗಿಸಿ ಕೊಡುವ, ಕಾಲಿನಿಂದ ಒತ್ತುವ ಪೆಟ್ಟಿಗೆ) ಒಂದನ್ನು ಮನೆಯಲ್ಲೇ ಕಟ್ಟಬೇಕೆಂದಿದ್ದೇನೆ. ಯಾವ ಸರ್ಕ್ಯೂಟ್ ಆರಿಸಲಿ, ಬಿಡಿಭಾಗಗಳನ್ನು ಎಲ್ಲಿ ಕೊಳ್ಳಲಿ, ಯಾವುದರಲ್ಲಿ ಎಚ್ಚರ ಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಇಬಾನೆಜ್‌ ಕಂಪನಿಯ ಟ್ಯೂಬ್ ಸ್ಕ್ರೀಮರ್ ಎಂಬ ಓವರ್‌ಡ್ರೈವ್ ಪೆಡಲ್‌ನ ಸರ್ಕ್ಯೂಟನ್ನೇ ಆರಿಸಿಕೊಳ್ಳಿ. 1970ರ ದಶಕದ ಕೊನೆಯಲ್ಲಿ ಬಂದ ಈ ವಿನ್ಯಾಸದಲ್ಲಿ ಪ್ರತಿಯೊಂದು ಬಿಡಿಭಾಗದ ಕೆಲಸವನ್ನೂ ಕಿವಿಯಿಂದಲೇ ಗುರುತಿಸಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಇದರ ಕೇಂದ್ರದಲ್ಲಿರುವುದು 4558 ಎಂಬ ಎಂಟು ಕಾಲಿನ ಐಸಿ. ಅದರೊಳಗೆ ಎರಡು ಆಪ್‌ಆಂಪ್‌ಗಳಿವೆ (ಸಂಕೇತವನ್ನು ವರ್ಧಿಸುವ ಘಟಕಗಳು): ಮೊದಲನೆಯದು ಧ್ವನಿಯನ್ನು ಒಡೆಯುತ್ತದೆ, ಎರಡನೆಯದು ಟೋನ್ ಭಾಗವನ್ನು ನಡೆಸುತ್ತದೆ.

ಒಡೆಯುವ ಕೆಲಸ ಮಾಡುವ ಎರಡು ಸಿಲಿಕಾನ್ ಡಯೋಡುಗಳು ಆಪ್‌ಆಂಪಿನ ಫೀಡ್‌ಬ್ಯಾಕ್ ದಾರಿಯಲ್ಲಿ (ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ದಾರಿ) ಪರಸ್ಪರ ವಿರುದ್ಧ ದಿಕ್ಕಿನಲ್ಲಿರುತ್ತವೆ. ಅವುಗಳ ಎರಡು ತುದಿಗಳ ನಡುವಿನ ವೋಲ್ಟೇಜ್ ಸುಮಾರು 0.6 ವೋಲ್ಟ್ ಮುಟ್ಟಿದಾಗ ಅವು ವಿದ್ಯುತ್ ಹರಿಯಲು ಬಿಟ್ಟು ವರ್ಧನೆಯನ್ನು ತಗ್ಗಿಸುತ್ತವೆ. ಆದರೆ ಗಿಟಾರಿನ ಮೂಲ ಸಂಕೇತವೂ ಅದರ ಜೊತೆಗೆ ಹಾದುಹೋಗುವುದರಿಂದ ಅಲೆಯ ತುದಿ ಕತ್ತರಿಸಿದಂತಾಗದೆ ದುಂಡಗಾಗುತ್ತದೆ. ಬೆರಳಿನ ಒತ್ತಡ ಹೆಚ್ಚುಕಡಿಮೆಯಾದಂತೆ ಧ್ವನಿಯೂ ಬದಲಾಗುವುದಕ್ಕೆ ಇದೇ ಕಾರಣ. ಅದೇ ಹಂತದಲ್ಲಿ 4.7 ಕಿಲೋಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳ ವರ್ಧನೆಯನ್ನು ಕ್ರಮೇಣ ಇಳಿಸುತ್ತವೆ; ಸುಮಾರು 82 ಹರ್ಟ್ಸ್‌ನ ದಪ್ಪ ತಂತಿ ಮಿಕ್ಕ ಸ್ವರಗಳನ್ನು ಕಲಸಿಹಾಕದಿರುವುದು ಇದರಿಂದಲೇ. ಆ ಕೆಪಾಸಿಟರನ್ನು 0.1ಕ್ಕೆ ಏರಿಸಿದರೆ ಗಡಿ ಸುಮಾರು 340 ಹರ್ಟ್ಸ್‌ಗೆ ಇಳಿದು ಧ್ವನಿ ತುಂಬಿಕೊಳ್ಳುತ್ತದೆ. ಸಿಂಗಲ್ ಕಾಯಿಲ್ ಪಿಕಪ್‌ಗಳಿಗೆ ನನಗೆ ಇದೇ ಹೆಚ್ಚು ಹಿಡಿಸುತ್ತದೆ.

ಹೀಗಾಗಿ, ಬೆಸುಗೆಗೆ ಮೊದಲು ಇಡೀ ಸರ್ಕ್ಯೂಟನ್ನು ಬ್ರೆಡ್‌ಬೋರ್ಡಿನ (ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಸಿಕ್ಕಿಸುವ ಹಲಗೆ) ಮೇಲೆ ಕೂರಿಸಿ, ನಿಮ್ಮದೇ ಗಿಟಾರ್ ಮತ್ತು ಆಂಪ್ಲಿಫೈಯರ್ ಹಚ್ಚಿ, ಈ ಕೆಪಾಸಿಟರನ್ನೂ ಡಯೋಡುಗಳನ್ನೂ ಬದಲಿಸುತ್ತ ಕೇಳಿ. 1ಎನ್4148 ಎಂಬ ಸಿಲಿಕಾನ್ ಡಯೋಡ್ ಜೋಡಿಯ ಬದಲು ಕೆಂಪು ಎಲ್‌ಇಡಿಗಳನ್ನು ಹಾಕಿದರೆ ಒಡೆಯುವ ಮಟ್ಟ ಮೇಲೇರಿ ಧ್ವನಿ ಜೋರಾಗಿ, ಹೆಚ್ಚು ತೆರೆದುಕೊಳ್ಳುತ್ತದೆ. ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು ಡಯೋಡ್ ಇಟ್ಟರೆ ಬಾಸ್ ಕಂಪನಿಯ 1977ರ ಓಡಿ-1 ಪೆಡಲ್‌ನಲ್ಲಿದ್ದಂತಹ ಅಸಮ ಒಡೆತ ದೊರೆಯುತ್ತದೆ. ಹಳೆಯ ಐಸಿಗಾಗಿ ಹೆಚ್ಚು ಹಣ ತೆರುವುದಕ್ಕಿಂತ ಈ ಪ್ರಯೋಗಗಳಿಗೆ ಒಂದು ಸಂಜೆ ಕೊಡುವುದು ಎಷ್ಟೋ ಲಾಭದಾಯಕ.

ಉತ್ತರ 2: ಮೇಲಿನವರ ಮಾತು ಸರಿಯೇ, ಆದರೆ ಸರ್ಕ್ಯೂಟ್ ಓದುವ ಅಭ್ಯಾಸ ಕಡಿಮೆ ಎಂದು ನೀವು ಬರೆದಿದ್ದೀರಿ. ಆದ್ದರಿಂದ ಟೋನ್ ಭಾಗವನ್ನು ಬಿಟ್ಟು ಮೊದಲ ಹಂತವನ್ನಷ್ಟೇ ಕಟ್ಟಿ, ಅದರ ಔಟ್‌ಪುಟ್ ಬದಿಗೆ ಒಂದು ವಾಲ್ಯೂಮ್ ಪಾಟ್ (ತಿರುಗಿಸುವ ರೆಸಿಸ್ಟರ್) ಇಡಿ. ಐಸಿಯಲ್ಲಿ ಹೀಗೆ ಬಳಕೆಯಾಗದೆ ಉಳಿಯುವ ಎರಡನೇ ಆಪ್‌ಆಂಪನ್ನು ಹಾಗೆಯೇ ಬಿಡಬಾರದು: ಅದರ 7ನೇ ಪಿನ್ನನ್ನು 6ಕ್ಕೆ ಜೋಡಿಸಿ, 5ನೇ ಪಿನ್ನಿಗೆ 4.5 ವೋಲ್ಟ್ ಕೊಡಿ. ಎರಡು 10 ಕಿಲೋಓಮ್ ರೆಸಿಸ್ಟರ್‌ಗಳಿಂದ 9 ವೋಲ್ಟನ್ನು ಅರ್ಧ ಮಾಡಿ, ಆ ನಡುವಿನ ಬಿಂದುವಿನಿಂದ ಸರ್ಕ್ಯೂಟಿನ ನೆಲಕ್ಕೆ (ಗ್ರೌಂಡ್, ಅಂದರೆ ಸೊನ್ನೆ ವೋಲ್ಟಿನ ಬಿಂದು) 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಆ 4.5 ವೋಲ್ಟ್ ಸಿದ್ಧ.

ಬಿಡಿಭಾಗಗಳಿಗೆ ಟೌನ್‌ಹಾಲ್ ಬಳಿಯ ಎಸ್.ಪಿ. ರಸ್ತೆಗೆ ಹೋಗಿ, ಹೆಚ್ಚಿನ ಅಂಗಡಿಗಳು ಭಾನುವಾರ ಮುಚ್ಚಿರುವುದರಿಂದ ವಾರದ ದಿನವೇ ವಾಸಿ. ರೆಸಿಸ್ಟರ್, ಕೆಪಾಸಿಟರ್, ಡಯೋಡ್, 4558, ಐಸಿ ಸಾಕೆಟ್ ಎಲ್ಲವನ್ನೂ ಪಟ್ಟಿ ಬರೆದುಕೊಂಡು ಹೋಗಿ ಕೇಳಿ. ಒಂಬತ್ತು ಕಾಲಿನ 3ಪಿಡಿಟಿ ಕಾಲುಸ್ವಿಚ್ (ಪೆಡಲನ್ನು ಕಾಲಿನಿಂದ ಒತ್ತಿ ಚಾಲೂ-ಬಂದ್ ಮಾಡುವ ಸ್ವಿಚ್) ಮತ್ತು ಎರಕದ ಅಲ್ಯೂಮಿನಿಯಂ ಪೆಟ್ಟಿಗೆ ಎಲ್ಲ ಅಂಗಡಿಗಳಲ್ಲೂ ಇರುವುದಿಲ್ಲ, ಅವನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದು. ಪೆಟ್ಟಿಗೆ ಮಾತ್ರ ಲೋಹದ್ದೇ ಆಗಿರಲಿ ಮತ್ತು ಸರ್ಕ್ಯೂಟಿನ ನೆಲಕ್ಕೆ ಜೋಡಣೆಯಾಗಿರಲಿ. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮನೆಯ ವಿದ್ಯುತ್ ತಂತಿಗಳ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಗೆ ತಡೆಯೇ ಇರುವುದಿಲ್ಲ.

ಉತ್ತರ 3: ನಾನು ದೋಷ ಹುಡುಕುವ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಹೊಸಬರು ಕೈಚೆಲ್ಲುವುದು ಅಲ್ಲೇ. ಧ್ವನಿ ಬಾರದಿದ್ದರೆ ಎಲ್ಲವನ್ನೂ ಕಿತ್ತು ಮತ್ತೆ ಬೆಸೆಯಬೇಡಿ. ಮಲ್ಟಿಮೀಟರಿನಲ್ಲಿ ಐಸಿಯ 8ನೇ ಪಿನ್ ಸುಮಾರು 9 ವೋಲ್ಟ್, 4ನೇ ಪಿನ್ ಸೊನ್ನೆ, ಉಳಿದವು ಸುಮಾರು 4.5 ವೋಲ್ಟ್ ತೋರಿಸಬೇಕು. 3ನೇ ಪಿನ್ನಿಗೆ ದೊಡ್ಡ ರೆಸಿಸ್ಟರ್ ಮೂಲಕ ವೋಲ್ಟೇಜ್ ಬರುವುದರಿಂದ ಮೀಟರಿನ ಹೊರೆಗೇ ಅದು ತುಸು ಕಡಿಮೆ ಕಾಣಬಹುದು, ಗಾಬರಿ ಬೇಡ. ವೋಲ್ಟೇಜ್ ಸರಿಯಿದ್ದೂ ಧ್ವನಿ ಇಲ್ಲವಾದರೆ, ಆಂಪ್ಲಿಫೈಯರಿಗೆ ಹೋಗುವ ತಂತಿಯ ತುದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆದು, ಗಿಟಾರ್ ನುಡಿಸುತ್ತ ಇನ್‌ಪುಟ್ ಜ್ಯಾಕಿನಿಂದ ಒಂದೊಂದೇ ಬಿಂದುವಿಗೆ ಅದನ್ನು ಮುಟ್ಟಿಸುತ್ತ ಹೋಗಿ. ಧ್ವನಿ ಎಲ್ಲಿ ನಿಲ್ಲುತ್ತದೆಯೋ ದೋಷ ಅದರ ಹಿಂದೆಯೇ ಇರುತ್ತದೆ.

ಕಾಲುಸ್ವಿಚ್ಚಿನ ಕಾಲುಗಳಿಗೆ ಬೆಸುಗೆ ಬೇಗ ಮುಗಿಸಿ. ಹೆಚ್ಚು ಕಾದರೆ ಒಳಗಿನ ಸಂಪರ್ಕ ಹಾಳಾಗುತ್ತದೆ. ಒತ್ತಿದಾಗ ‘ಟಪ್’ ಎಂಬ ಸದ್ದು ಬಂದರೆ ಸರ್ಕ್ಯೂಟಿನ ಇನ್‌ಪುಟ್ ಮತ್ತು ಔಟ್‌ಪುಟ್‌ಗಳಿಂದ ನೆಲಕ್ಕೆ ಒಂದೊಂದು 1 ಮೆಗಾಓಮ್ ರೆಸಿಸ್ಟರ್ ಹಾಕಿ ನೋಡಿ. ಇನ್ನು ಅಡಾಪ್ಟರ್ ವಿಷಯ: ಪೆಡಲ್‌ಗಳ ರೂಢಿಯಲ್ಲಿ ಪ್ಲಗ್ಗಿನ ನಡುಭಾಗ ಋಣ, ಆದರೆ ಮನೆಯಲ್ಲಿ ಬಿದ್ದಿರುವ ಅನೇಕ ಅಡಾಪ್ಟರುಗಳಲ್ಲಿ ಅದು ಧನ. ವಿದ್ಯುತ್ ಬರುವ ದಾರಿಯಲ್ಲೇ ಒಂದು 1ಎನ್5817 ಡಯೋಡನ್ನು ಸರಣಿಯಾಗಿ ಕೂರಿಸಿದರೆ ತಿರುಗುಮುರುಗಾದರೂ ಐಸಿ ಸುಡುವುದಿಲ್ಲ.